ಹದಿನೈದು ಹೆಜ್ಜೆ

ಮೊದಲು ಕಾಲಿನಿಂದ ಅಳೆಯಬೇಕು,
ಡ್ರೋನ್ ಹಾರುವುದು ಆಮೇಲಿನ ಮಾತು.
ಕನವಳ್ಳಿಯ ಈ ಬದುವಿನ ಮೇಲೆ
ಕೋಲಿಗೆ ಕಟ್ಟಿದ ಯಂತ್ರ ಹಿಡಿದು ಮುಂದೆ ನಾನು,
ಉತಾರದ ಝರಾಕ್ಸ್ ಹಿಡಿದು ಹಿಂದೆ ಫಕ್ಕೀರಗೌಡ್ರು.
ಹದಿನಾಲ್ಕು ಉಪಗ್ರಹ ಸಿಕ್ಕವು. ಹದಿನೈದನೆಯದು
ಬೇವಿನ ಗಿಡದ ಆಚೆ ಎಲ್ಲೋ ತಡೆದು ನಿಂತಿದೆ.

ಬದು ಸೊಟ್ಟಗಾದಲ್ಲೆಲ್ಲ ನಿಂತು ಚುಕ್ಕಿ ಒತ್ತುತ್ತೇನೆ.
ಬಾಂದಕಲ್ಲಿಗೆ ಒಂದು.
ಅದರ ನೆತ್ತಿಯ ಮೇಲೆ ಕುಡುಗೋಲು ಮಸೆದು ಮಸೆದು
ತಗ್ಗು ಬಿದ್ದಿದೆ, ತಗ್ಗಿನಲ್ಲಿ ನಿನ್ನೆಯ ಮಳೆ,
ಮಳೆಯಲ್ಲೊಂದು ಇರುವೆ.
ಟೀಸಿ ಕಂಬಕ್ಕೆ ಒಂದು, ಅದರ ಎಳೆತಂತಿಗೆ ಇನ್ನೊಂದು;
ರೆಕ್ಕೆ ಮುರಿಯುವುದು ಕಂಬದಿಂದಲ್ಲ, ತಂತಿಯಿಂದ.
"ತಂಗಿ, ಅಲ್ಲಲ್ಲ, ಇನ್ನೊಂದ್ ಮೊಳ ಆ ಕಡೆ"
ಅನ್ನುತ್ತಾರೆ ಗೌಡ್ರು ಪ್ರತಿ ತಿರುವಿನಲ್ಲೂ.
ಹಾಗೆ ಕೇಳುತ್ತ ಹೋದರೆ
ಸಂಜೆಗೆ ಗುತ್ತಲ ಮುಟ್ಟುತ್ತೇವೆ.

ಶುರುವಿಟ್ಟ ಚುಕ್ಕಿಗೇ ಬಂದು ಗೆರೆ ಕೂಡಿತು.
ಉತಾರದಲ್ಲಿ ಮೂರು ಎಕರೆ ಹನ್ನೊಂದು ಗುಂಟೆ.
ಪರದೆಯಲ್ಲಿ ಮೂರು ಎಕರೆ ಏಳು.
"ನಾಕ್ ಗುಂಟೆ ಎಲ್ಲಿ ಹೋತು?"
ನನ್ನನ್ನು ಕೇಳಿದರೋ, ಯಂತ್ರವನ್ನೋ,
ಯಾವ ಕಾಲದಲ್ಲೋ ಸರಪಳಿ ಎಳೆದು ಹೋದವನನ್ನೋ.
ನಾನು ತೆಂಕಣ ಬದಿಯ ಹಳ್ಳ ನೋಡಿದೆ.
ಹಳ್ಳ ಕೆಂಪಗೆ ಹರಿಯುತ್ತಿತ್ತು.

ಮೂಡಣ ಬದುವಿನ ಆಚೆ ಹಿಪ್ಪುನೇರಳೆ.
ಈಚೆ, ಗೋವಿನಜೋಳದ ಸಾಲಿನಲ್ಲಿ
ನಿಂತಿದ್ದಳು ಹುಸೇನಬಿ, ನಾವು ಬರುವುದು ಗೊತ್ತಿದ್ದವಳಂತೆ.
ಮಾತಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ
ಒಂದು ಹಿಡಿ ಬೂದಿ ಭುಜದೆತ್ತರಕ್ಕೆ ಬಿಟ್ಟಳು.
ಬೂದಿ ನೆಲಕ್ಕೆ ಬೀಳಲಿಲ್ಲ,
ಬದು ದಾಟಿ ಅವಳ ಸೊಪ್ಪಿನ ಮೇಲೆ ಹೋಗಿ ಕೂತಿತು.

"ನಿಮ್ಮ ಗೆರಿ ಕಾಲಿಂದು," ಅಂದಳು ಆಮೇಲೆ,
"ಗಾಳಿಗೆ ಕಾಲ್ ಅದಾವೇನು?
ನಾಕನೇ ಜ್ವರದಿಂದ ಎದ್ದಾವ ನನ್ನ ಹುಳ.
ಇನ್ನೇಳ್ ದಿನ ಹಗಲೂ ರಾತ್ರಿ ತಿಂತಾವ.
ಎಲಿ ಮ್ಯಾಲ ಒಂದ್ ಹನಿ ಬಿದ್ರ ಸಾಕು."

ಗೌಡ್ರು ಒಂದು ಸುಳಿ ಬಿಡಿಸಿ ತೋರಿಸಿದರು.
ಒಳಗೆ ಲದ್ದಿ, ಲದ್ದಿಯೊಳಗೆ ಹುಳ.
"ಇದಕ್ಕೇನ್ ಮಾಡ್ಲಿ? ಇದಕ್ಕೂ ತಟ್ಟಿ ಕಟ್ಟಿ ಸಾಕ್ಲೇನು?"

ಒಂದು ಹುಳ ಸಾಯಬೇಕು, ಒಂದು ಬದುಕಬೇಕು,
ನಡುವೆ ಒಂದೂವರೆ ಮೊಳ ಬದು, ಬದುವಿನ ಮೇಲೆ ಕರಿಕೆ,
ಕರಿಕೆಯ ಮೇಲೆ ನಾನು, ಚಾರ್ಜು ಮೂವತ್ತೊಂದು ಪರ್ಸೆಂಟ್.
ತರಬೇತಿಯ ಮೂರು ದಿನ
ಗಾಳಿಯ ವೇಗ ಅಳೆಯಲು ಕಲಿಸಿದ್ದರು.
ಗಾಳಿಯ ನೆರೆಹೊರೆ ಯಾರೆಂದು ಹೇಳಿರಲಿಲ್ಲ.

"ಹದಿನೈದ್ ಹೆಜ್ಜಿ ಬಿಡ್ರಿ."
"ಅಷ್ಟರಾಗಿನ ಹುಳ?"
"ಅದು ನಂದು. ಸೊಸಿಯಾರ್ನ ಕರ್ಕೊಂಡು
ಸುಳಿಸುಳಿಗೂ ಒಣ ಮರಳು ಹಾಕ್ತೀನಿ."
ಗೌಡ್ರು ಉತಾರ ಮಡಿಚಿದರು. ಮತ್ತೆ ಬಿಚ್ಚಿದರು.
"ಹೆಜ್ಜಿ ಯಾರ್ದು? ನಿಂದೋ ನಂದೋ?"
"ನಿಮ್ದ ಆಗ್ಲಿ. ಉದ್ದ ಅದಾವ."

ಎಣಿಸುತ್ತ ನಡೆದರು ಗೌಡ್ರು, ಜೋಳ ಸರಿಸುತ್ತ.
ಹನ್ನೊಂದರಿಂದಾಚೆ ಹೆಜ್ಜೆ ಗಿಡ್ಡವಾದವು.
ಹುಸೇನಬಿ ಕೆಮ್ಮಿದಳು.
ಮತ್ತೆ ಉದ್ದವಾದವು.

ಅಲ್ಲಿಂದ ಹೊಸ ಗೆರೆ ಎಳೆದೆ:
ಕಲ್ಲಿಲ್ಲ, ಒಡ್ಡಿಲ್ಲ, ಚಕ್ಕಬಂದಿಯಲ್ಲಿಲ್ಲ,
ಬೆಳೆಯ ನಟ್ಟನಡುವೆ.
ಎರಡು ಎಕರೆ ಮೂವತ್ತೈದು ಗುಂಟೆ.
"ಹಂಗಾರ ಬಿಲ್ಲೂ ಕಡಿಮಿ ಆತಲ್ಲ?"
ಆಯಿತು ಅಂದೆ.

ನಾಳೆ ಆರೂವರೆಗೆ, ಗಾಳಿ ಏಳುವ ಮೊದಲು ಹಾರಿಸಬೇಕು.
ಏನೂ ಇಲ್ಲದ ಕಡೆ ಅದು ಗಕ್ಕನೆ ನಿಂತು ತಿರುಗುವುದನ್ನು ಕಂಡು
ಶಾಲೆಗೆ ಹೊರಟ ಹುಡುಗರು ನಗಬಹುದು.
ಹಿಂಗಾರಿಗೆ ಮೂಡಗಾಳಿ ಬೀಸುತ್ತದೆ.
ಆಗ ಪಡುವಣ ಬದುವಿನ ಆಚೆ ಯಾರಿದ್ದಾರೆ,
ಏನು ಸಾಕಿದ್ದಾರೆ, ಕೇಳಬೇಕು,
ಮತ್ತೆ ನಡೆಯಬೇಕು.
ಹಾವೇರಿಯಿಂದ ಬಂದುಹೋಗುವ ಪೆಟ್ರೋಲು ಯಾರದೆಂದು
ಇನ್ನೂ ಮಾತಾಗಿಲ್ಲ.